ಗೋಡೆ ಕಡೆಯ ನೆಗ್ಗು

ಅನುಮಾನ ನನಗೆ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ಅಳೆಯುವಾಗ ಅವನ ಮುಖ ನೋಡುವುದಿಲ್ಲ, ಲೀಟರಿನ ತಳ ನೋಡುತ್ತೇನೆ. ಆಂಧ್ರದ ಗಡಿಯೊಳಗಿನ ನಮ್ಮ ಆದೋನಿಯ ಬೀದಿಗಳೆಲ್ಲ ಅಂಗೈಯಷ್ಟು ಗೊತ್ತಿದ್ದರೂ ಆಟೋದವನು ಸುತ್ತು ಹಾದಿ ಹಿಡಿದನೇನೋ ಎಂದು ದಾರಿಯುದ್ದಕ್ಕೂ ಕುತ್ತಿಗೆ ಹೊರಗೆ ಹಾಕಿರುತ್ತೇನೆ. ಇಂಥವಳ ಕೈಗೆ ಒಂದು ಟ್ಯಾಬು, ಒಂದು ಪೆನ್ನು ಕೊಟ್ಟು, ಒಂದನೇ ತರಗತಿಯ ಚಿತ್ರಪಾಠಕ್ಕೆ ಮನೆಯ ಸಾಮಾನುಗಳ ಚಿತ್ರ ಬರೆದುಕೊಡಿ ಎಂದರು ಶಿಕ್ಷಣ ಇಲಾಖೆಯವರು. ನಾನು ಕನ್ನಡ ಮಾಧ್ಯಮದ ಟೀಚರು. ಇಪ್ಪತ್ತು ವರ್ಷ ಸೀಮೆಸುಣ್ಣದಲ್ಲಿ ಮೊರ, ಒಲೆ, ಲೋಟ ಬರೆದು ಮಕ್ಕಳಿಂದ ಶಹಬ್ಬಾಸ್ ಅನ್ನಿಸಿಕೊಂಡವಳು.

ಮೂರು ದಿನದ ತರಬೇತಿ. ಕಲಿಸಲು ಬಂದ ಹುಡುಗಿ ತೆಲುಗಿನವಳು, ನನ್ನ ಮಗಳ ವಯಸ್ಸಿನವಳು. ಮೊದಲ ದಿನ ನಾನೆಳೆದ ಗೆರೆ ನಡುಗಿತ್ತು. ಪೆನ್ನು ಎತ್ತುವಷ್ಟರಲ್ಲಿ ಅದು ತಾನಾಗಿ ನೆಟ್ಟಗಾಯಿತು. ನನಗೆ ಸಂತೋಷವಾಗಲಿಲ್ಲ. ನನ್ನ ಗೆರೆಯನ್ನು ನನ್ನನ್ನು ಕೇಳದೆ ತಿದ್ದಿದವರು ಯಾರು? ಇನ್ನೊಮ್ಮೆ ಎಳೆದೆ. ಬೇಕೆಂದೇ ಸೊಟ್ಟ ಎಳೆದೆ. ಅದನ್ನೂ ತಿದ್ದಿತು. ಅವಳನ್ನು ಕರೆದು ಆ ಸಹಾಯವನ್ನು ಬಂದ್ ಮಾಡಿಸಿದೆ.

ಎರಡನೇ ದಿನ ಸಿಮೆಟ್ರಿ ಕಲಿಸಿದಳು. ಪರದೆಯ ನಡುವೆ ಒಂದು ಗೀಟು ನಿಲ್ಲುತ್ತದೆ. ಈ ಕಡೆ ಲೋಟದ ಅರ್ಧ ಬರೆದರೆ ಆ ಕಡೆ ಉಳಿದರ್ಧ ಅದೇ ಹೊತ್ತಿಗೆ ಮೂಡುತ್ತದೆ.

"ಸಗಂ ಗೀಯಂಡಿ ಮೇಡಂ, ಮಿಗತಾದಿ ಅದೇ ಗೀಸುಕುಂಟುಂದಿ," ಎಂದಳು. ಅರ್ಧ ನೀವು ಬರೆಯಿರಿ, ಮಿಕ್ಕಿದ್ದನ್ನು ಅದೇ ಬರೆದುಕೊಳ್ಳುತ್ತದೆ ಎಂದು. ಆ ಕಡೆಯ ಅರ್ಧ ಹೀಗೇ ಇದೆಯೆಂದು ಅದಕ್ಕೆ ಹೇಳಿದವರು ಯಾರಮ್ಮಾ ಎಂದೆ. ಅವಳು ನಕ್ಕಳು. "ಗೊತ್ತಿರುವುದನ್ನು ಬರೆಯಬೇಡಿ, ಕಾಣುವುದನ್ನು ಬರೆಯಿರಿ," ಎಂಬುದೂ ಅವಳ ಪಾಠವೇ. ಕಾಣುವುದನ್ನೆಲ್ಲ ನಂಬಿದರೆ ಸಂಸಾರ ನಡೆದಂತೆಯೇ ಎಂದುಕೊಂಡೆ.

ಮೂರನೇ ದಿನ ನನ್ನ ಪಾಲಿಗೆ ತಂಬಿಗೆ ಬಂತು. ತಂಬಿಗೆ ಎಂದ ಕೂಡಲೇ ಹಳೆಯ ಹುಳ ತಲೆಯಲ್ಲಿ ಎದ್ದು ಕೂತಿತು.

ಪೆದ್ದಹರಿವಾಣದ ನಮ್ಮ ಮನೆಯಲ್ಲಿ ಅವ್ವನ ತಾಮ್ರದ ತಂಬಿಗೆಯೊಂದಿತ್ತು. ಪಡಸಾಲೆಯ ಗೋಡೆಯ ಗೂಡಿನಲ್ಲಿ ನೀರು ತುಂಬಿ ಇಡುತ್ತಿದ್ದಳು, ಬಂದವರಿಗೆ ಮೊದಲು ಅದರ ನೀರು. ಅವಳ ತವರಿನವರು ಕೊರೆಸಿದ್ದ ಹೆಸರು ಹುಣಸೆಹಣ್ಣಿನ ತಿಕ್ಕಾಟಕ್ಕೆ ಎಂದೋ ಸವೆದುಹೋಗಿತ್ತು. ಉಳಿದ ಗುರುತು ಒಂದೇ, ಹೊಟ್ಟೆಯ ಮೇಲಿನ ನೆಗ್ಗು. ಅದು ನನ್ನದೇ ಕೆಲಸ. ಎಂಟು ವರ್ಷದವಳಿದ್ದಾಗ ಅಪ್ಪ ಅಣ್ಣನನ್ನು ಮಾತ್ರ ಎಮ್ಮಿಗನೂರಿನ ಸಂತೆಗೆ ಕರೆದೊಯ್ದದ್ದಕ್ಕೆ ಸಿಟ್ಟು ಬಂದು, ತಂಬಿಗೆಯನ್ನು ಹೊಸ್ತಿಲಿಗೆ ಎತ್ತಿ ಒಗೆದಿದ್ದೆ. ಕೈಜಾರಿ ಬಿತ್ತೆಂದು ಅವ್ವ ಅಪ್ಪನಿಗೆ ಹೇಳಿದಳು. ನನಗೆ ಬೈಯಲೂ ಇಲ್ಲ.

ಅವ್ವ ಹೋದ ಮರುವರ್ಷ ಯುಗಾದಿಗೆ ಊರಿಗೆ ಹೋದಾಗ ಅತ್ತಿಗೆಯ ಅಡುಗೆಮನೆಯಲ್ಲಿ ಹೊಸ ಸ್ಟೀಲ್ ಡಬ್ಬಿಗಳ ಸಾಲು ಕಂಡಿತು. ಹಳೆ ತಾಮ್ರ ತೂಗಿ ಹೊಸ ಸ್ಟೀಲು ಕೊಡುವವನು ಆ ಓಣಿಯಲ್ಲಿ ವಾರಕ್ಕೊಮ್ಮೆ ಕೂಗುತ್ತಾ ಬರುತ್ತಾನೆ. ಪಡಸಾಲೆಗೆ ಬಂದು ಗೂಡಿನ ಕಡೆ ಕಣ್ಣು ಹಾಯಿಸಿದೆ. ತಂಬಿಗೆಯೇನೋ ಇತ್ತು. ಆದರೆ ಥಳಥಳ ಹೊಳೆಯುತ್ತಾ, ಒಂದು ನೆಗ್ಗೂ ಇಲ್ಲದೆ. ನನ್ನ ಕಣ್ಣಿಗೆ ಮಣ್ಣೆರಚಲು ಬೇರೊಂದನ್ನು ತಂದಿಟ್ಟಿದ್ದಾರೆ ಎಂದು ನಿಶ್ಚಯ ಮಾಡಿಕೊಂಡೆ. ಎತ್ತಿ ನೋಡಬಹುದಿತ್ತು, ನೋಡಿದರೆ ನನ್ನ ಅನುಮಾನ ಅವರಿಗೆ ತಿಳಿಯುತ್ತದೆ. ಮೂರು ವರ್ಷ ಹಬ್ಬಕ್ಕೆ ಹೋಗಿ ಹೋಳಿಗೆ ತಿಂದು, ಮುಖದ ಮೇಲೆ ನಗು ಇಟ್ಟುಕೊಂಡು ಬಂದೆ. ಒಳಗೆ ಕುದಿಯುತ್ತಿದ್ದೆ. ತವರೆಂದರೆ ಇನ್ನು ಆ ಮನೆಯೊಂದೇ, ಅದೂ ಸುಳ್ಳಾಯಿತಲ್ಲ ಎಂಬ ಸಂಕಟ.

ಈಗ ಒಳ್ಳೆಯ ನೆಪ ಸಿಕ್ಕಿತು. ಪಾಠಕ್ಕೆ ಬೇಕು, ಅವ್ವನ ತಂಬಿಗೆಯ ಫೋಟೋ ಕಳಿಸಿ ಎಂದು ಅತ್ತಿಗೆಗೆ ಫೋನು ಮಾಡಿದೆ. ಐದು ನಿಮಿಷಕ್ಕೆ ಬಂತು. ಅಷ್ಟು ಬೇಗ ಯಾಕೆ ಬಂತು ಎಂಬುದೂ ಒಂದು ಅನುಮಾನವೇ. ಫೋಟೋವನ್ನು ಪರದೆಯ ಕೆಳಗಿನ ಲೇಯರಿನಲ್ಲಿ, ಅಂದರೆ ಪದರದಲ್ಲಿ, ಇಟ್ಟು, ಮೇಲಿನ ಲೇಯರಿನಲ್ಲಿ ಗೆರೆ ಎಳೆಯುತ್ತಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ತಾಮ್ರವೆಲ್ಲ ಬರೀ ಕಂದು ಚೌಕಗಳಾಗುವಷ್ಟು ಜೂಮ್ ಮಾಡಿದೆ. ನೆಗ್ಗಿಲ್ಲ. ಸಿಕ್ಕಿಬಿದ್ದರು ಎಂದುಕೊಂಡೆ.

ಭಾನುವಾರ ಟ್ಯಾಬು ಹಿಡಿದು ಊರಿಗೆ ಹೋದೆ. ಅಣ್ಣ ನಂದವರದ ಬೀಗರ ಮನೆಗೆ ಹೋಗಿದ್ದ. ಅತ್ತಿಗೆ ಅದೇ ತಂಬಿಗೆಯಿಂದ ನೀರು ಬಗ್ಗಿಸಿ ಕೊಟ್ಟರು.

"ಫೋಟೋ ಸಾಲದು ಅತ್ತಿಗಿ, ಎದುರಿಗಿಟ್ಕೊಂಡು ಬರೀಬೇಕಂತ," ಎಂದೆ.

ಬಾಗಿಲ ಬೆಳಕಿಗೆ ತಂದಿಟ್ಟರು. ಚಾಪೆಯ ಮೇಲೆ ಕೂತು ಸಿಮೆಟ್ರಿ ಹಾಕಿ ಅರ್ಧ ಬರೆದೆ. ಆ ಕಡೆಯೂ ಅಷ್ಟೇ ಚೆಂದ ಮೂಡಿತು. ಇನ್ನು ತಡೆಯಲಾಗಲಿಲ್ಲ. ತಪ್ಪು ಮಾಡಿದ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಿದೆ: "ಅವ್ವನ ತಂಬಿಗಿ ನೆಗ್ಗಿತ್ತಲ್ರಿ?"

ಅತ್ತಿಗೆ ನನ್ನನ್ನೇ ನೋಡಿದರು. ಸೆರಗಿಗೆ ಕೈ ಒರೆಸಿಕೊಂಡು, ಬಗ್ಗಿ, ತಂಬಿಗೆಯನ್ನು ತಿರುಗಿಸಿದರು. ಹೆಬ್ಬೆಟ್ಟು ಕೂರುವಷ್ಟು ನೆಗ್ಗು, ಅಲ್ಲೇ ಇತ್ತು.

"ಅತ್ತಿ ಇದನ್ನ ಯಾವಾಗ್ಲೂ ಗೋಡಿ ಕಡಿಗೆ ತಿರುಗಿಸಿ ಇಡ್ತಿದ್ರು. ನಾ ಲಗ್ನ ಆಗಿ ಬಂದ ಹೊಸದಾಗ ಹೆಂಗ ಬೇಕೋ ಹಂಗ ಇಟ್ಟಿದ್ದೆ. 'ಹಂಗ ಇಡಬ್ಯಾಡವ್ವ, ಮಗಳು ಸಣ್ಣಾಕಿ ಇದ್ದಾಗ ಸಿಟ್ಟಿಗೆ ಒಗದಾಳ, ಕಂಡ್ರ ಮನಸಿಗೆ ಹಚ್ಕೊಂತಾಳ' ಅಂದ್ರು. ಅವತ್ತಿಂದ ಹಂಗೇ ಇಡ್ತೀನಿ."

ಒಗೆದ ಮೇಲೂ ಆ ಮನೆಯಲ್ಲಿ ಹತ್ತು ವರ್ಷ ಅದರ ನೀರು ಕುಡಿದಿದ್ದೆ. ಅವ್ವ ನೆಗ್ಗನ್ನು ಗೋಡೆಗೆ ತಿರುಗಿಸಿಡುವುದನ್ನು ಒಂದು ದಿನವೂ ಗಮನಿಸಿರಲಿಲ್ಲ. ನಾಚಿಕೆಯಾಯಿತು. ಬಾಯಿ ಬಿಟ್ಟು ಹೇಳಿಬಿಟ್ಟೆ: "ನೀವಿದನ್ನ ಹಾಕಿ ಸ್ಟೀಲ್ ಡಬ್ಬಿ ತಗೊಂಡೀರಿ ಅಂತ ತಿಳ್ಕೊಂಡಿದ್ದೆ."

"ಡಬ್ಬಿ ನಮ್ಮ ತಮ್ಮ ಕೊಡಿಸಿದ್ದು. ನೀ ಬಂದಾಗೆಲ್ಲ ಕಣ್ಣು ಎಲ್ಲೆಲ್ಲಿ ಆಡ್ತಾವಂತ ನನಗ ಕಾಣಂಗಿಲ್ಲೇನವ್ವ? ಇವತ್ತು ಕೇಳ್ತಾಳ, ನಾಳಿ ಕೇಳ್ತಾಳ ಅಂತ ಮೂರು ವರ್ಷ ಕಾದೀನಿ," ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಪೆನ್ನು ಹಿಡಿದೆ. ಎದುರಿಗಿದ್ದ ನೆಗ್ಗನ್ನು ತಂಬಿಗೆಯ ಹೊಟ್ಟೆಯ ಮೇಲೆ ಬರೆದೆ. ಸಿಮೆಟ್ರಿ ತೆಗೆಯುವುದು ಮರೆತಿತ್ತು. ಆ ಕಡೆ ಇನ್ನೊಂದು ನೆಗ್ಗು ಮೂಡಿತು.

ಹೆಗಲ ಮೇಲಿಂದ ಇಣುಕಿದ ಅತ್ತಿಗೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಒಂದು ಸಾಲಲಿಲ್ಲೇನು, ಆ ಕಡಿಗೂ ಒಂದು ಒಗದಿ!"

ನಾನೂ ನಕ್ಕೆ, ಕಣ್ಣೊರೆಸಿಕೊಂಡೆ. ಸಿಮೆಟ್ರಿ ತೆಗೆದು, ಎರಡನ್ನೂ ಅಳಿಸಿ, ಒಂದನ್ನೇ ಬರೆದೆ. ನಮ್ಮ ಶಾಲೆಯ ಚಿತ್ರಪಾಠದಲ್ಲಿ ಈಗಲೂ ಆ ನೆಗ್ಗಿದ ತಂಬಿಗೆಯೇ ಇದೆ.

ಹೊರಡುವಾಗ ಅತ್ತಿಗೆ ನೀರು ತುಂಬಿ ತಂಬಿಗೆಯನ್ನು ಗೂಡಿಗೆ ಒಯ್ದರು.

"ನೆಗ್ಗು ಈ ಕಡಿಗೇ ಇರ್ಲಿ ಅತ್ತಿಗಿ. ಈಗ ನಾ ನೋಡಿದೆನಲ್ಲ," ಎಂದೆ.

"ನಿನ್ನ ಮಾತಿಗೆ ನಾ ಹೆಂಗ ಇಡ್ಲಿ? ಅತ್ತಿ ಹೇಳಿ ಹೋಗ್ಯಾರ," ಎಂದು ಅತ್ತಿಗೆ ನೆಗ್ಗನ್ನು ಗೋಡೆಯ ಕಡೆಗೇ ತಿರುಗಿಸಿ ಇಟ್ಟರು.