ರುಬ್ಬುವ ಇಬ್ಬರಲ್ಲಿ ಒಬ್ಬಳು

ಕೊರೊನಾ ಮುಗಿದು ಪ್ರಾರ್ಥನೆ ಮನೆಗಳು ಮತ್ತೆ ಬಾಗಿಲು ತೆಗೆದ ವರ್ಷ ಇದು ನಡೆದದ್ದು. ನನ್ನ ತವರು ಬಂಗಾರಪೇಟೆ ಪಕ್ಕದ ಹಳ್ಳಿ, ಕೊಟ್ಟಿರೋದು ಕೆಜಿಎಫ್‌ನ ಊರಿಗಾಂಗೆ. ನಾನು ಹಿರೀ ಸೊಸೆ, ಎಸ್ತರ್ ಕಿರೀ ಸೊಸೆ. ಗಂಡಂದಿರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೂ ಮುಂದಿನ ಕೋಣೆಯಲ್ಲಿ ಗ್ರೈಂಡರ್ ಹಾಕಿ ಇಡ್ಲಿ ಹಿಟ್ಟು ರುಬ್ಬಿ, ಸುತ್ತಲಿನ ಮನೆಗಳಿಗೆ ಮಾರುತ್ತಿದ್ದೆವು. ಅತ್ತೆ ಸೊಂಟ ಮುರಿದುಕೊಂಡು ಒಳಗೆ ಮಂಚ ಹಿಡಿದಿದ್ದರು. ನಾವೆಲ್ಲ ದೀಕ್ಷಾಸ್ನಾನ ತಗೊಂಡು ಯೇಸುವಿನ ಕಡೆ ಬಂದರೂ ಅವರು ಮಾತ್ರ ಒಪ್ಪಿರಲಿಲ್ಲ. "ನಮ್ಮ ಮಾರಮ್ಮನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ" ಅನ್ನೋರು.

ನಿಜ ಹೇಳ್ತೀನಿ, ಎಸ್ತರನ್ನ ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳು ಹಾಡಿದರೆ ಇಡೀ ಸಭೆ ಸುಮ್ಮನಾಗುತ್ತೆ. ಪ್ರಾರ್ಥನೆಗೆ ಕೂತರೆ ಕಣ್ಣಲ್ಲಿ ನೀರು ತಾನಾಗೇ ಬರುತ್ತೆ. ನನಗೆ ಪ್ರಸಂಗ ಶುರುವಾದರೆ ಬರೋದು ನಿದ್ದೆ. "ಎಸ್ತರಮ್ಮ ಪ್ರಾರ್ಥನೆ ಮಾಡಲಿ" ಅಂತಾರೆಯೇ ಹೊರತು, ಪಾಸ್ಟರ್ ಒಂದು ಸಲವಾದರೂ ನನ್ನ ಹೆಸರು ಎತ್ತಿದವರಲ್ಲ. ಅತ್ತೆಗೂ ನೀರಿಗೆ ಎಸ್ತರೇ ಬೇಕು, ಮಾತ್ರೆಗೆ ಎಸ್ತರೇ ಬೇಕು.

ಒಂದು ಭಾನುವಾರ ಪಾಸ್ಟರ್ ಕರ್ತನ ಎರಡನೇ ಬರೋಣದ ಮೇಲೆ ಮಾತಾಡಿದರು. ಯೇಸು ಯಾವಾಗ ಬರ್ತಾನೆ ಅಂತ ಯಾರಿಗೂ ಗೊತ್ತಾಗಲ್ಲ, ಕಣ್ಣು ಮಿಟುಕಿಸೋದರೊಳಗೆ ತನ್ನವರನ್ನ ಮೇಲಕ್ಕೆ ಕರ್ಕೊಂಡು ಹೋಗ್ತಾನೆ, ಇಬ್ಬರು ಹೆಂಗಸರು ಒಂದೇ ಕಲ್ಲಲ್ಲಿ ಬೀಸ್ತಾ ಇದ್ದರೆ ಒಬ್ಬಳು ಹೋಗ್ತಾಳೆ, ಇನ್ನೊಬ್ಬಳು ಉಳೀತಾಳೆ ಅಂದರು. ಅಷ್ಟೇ! ಹೆಂಗಸರ ಕಡೆಯ ತಲೆಗಳೆಲ್ಲ ನಮ್ಮಿಬ್ಬರ ಕಡೆ ತಿರುಗಿದವು. ಎಸ್ತರನ್ನ ನೋಡಿ ನಕ್ಕರು. ನನ್ನ ನೋಡಿ ಅಯ್ಯೋ ಪಾಪ ಅನ್ನೋ ಮುಖ ಮಾಡಿದರು.

ಮಾರನೇ ದಿನ ನಲ್ಲಿ ಹತ್ತಿರ ಪಕ್ಕದ ಮನೆ ಲಿಲ್ಲಿ ಕೇಳೇಬಿಟ್ಟಳು. "ಏನ್ ಶಾಂತಕ್ಕ, ಎಸ್ತರ್ ಮೇಲಕ್ಕೆ ಓದ್ಮೇಲೂ ನಮ್ಗೆ ಇಟ್ಟು ಸಿಗ್ತದಾ?"

"ಯಾಕೆ, ನಾನೇನ್ ಗ್ರೈಂಡರ್ ತೊಳೆಯಕ್ಕೆ ಉಳ್ಕೋತೀನಾ? ನಿನ್ ಬಿಂದಿಗೆ ನೀನ್ ನೋಡ್ಕೊ ಓಗು" ಅಂದೆ.

ಬಾಯಲ್ಲಿ ಹಾಗಂದರೂ ಒಳಗೊಳಗೇ ಭಯ. ಉಳಿದವರಿಗೆ ಎಂಥೆಂಥ ಸಂಕಟ ಕಾದಿದೆ ಅಂತ ಪಾಸ್ಟರ್ ಬಿಡಿಸಿ ಹೇಳಿದ್ದರು. ಅದಕ್ಕಿಂತ ಹೆಚ್ಚಾಗಿ, ಅವಳು ಮೇಲೆ, ನಾನು ಕೆಳಗೆ! ಅಲ್ಲೂ ಅವಳೇ ಮುಂದೆ.

ಅವಳಿಗಿಂತ ವಾರಕ್ಕೊಂದು ದಿನ ಹೆಚ್ಚು ಉಪವಾಸ ಹಿಡಿದೆ. ತಲೆ ಸುತ್ತಿ ನೆನೆಹಾಕಿದ ಅಕ್ಕಿ ಮೇಲೆ ಬಿದ್ದದ್ದೇ ಬಂತು. ಆಮೇಲೆ ನನ್ನ ಬುದ್ಧಿಗೆ ಇನ್ನೊಂದು ಉಪಾಯ ಹೊಳೆಯಿತು. ಒಟ್ಟಿಗೆ ರುಬ್ಬಿದರೆ ತಾನೇ ಒಬ್ಬಳು ಉಳಿಯೋದು? ಬೇರೆ ಬೇರೆ ರುಬ್ಬಿದರೆ ಆ ವಾಕ್ಯ ನಮಗೆ ತಗುಲೋದೇ ಇಲ್ಲವಲ್ಲ!

"ನಂಗೆ ಬೆನ್ನುನೋವು ಕಣೇ. ಬೆಳಿಗ್ಗೆ ಉದ್ದು ನಾನ್ ರುಬ್ತೀನಿ, ಮಧ್ಯಾಹ್ನ ಅಕ್ಕಿ ನೀನ್ ರುಬ್ಕೊ" ಅಂದೆ. ಎಸ್ತರ್ ನನ್ನ ಮುಖವನ್ನೇ ನೋಡಿ "ಆಗ್ಲಿ ಅಕ್ಕ" ಅಂದಳು. ಅವತ್ತಿನಿಂದ ಅವಳು ಗ್ರೈಂಡರ್ ಹತ್ತಿರ ಬಂದರೆ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಹೀಗೇ ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ತವರಿಂದ ಹೇಳಿದ್ದಕ್ಕಿಂತ ಬೇಗ ವಾಪಸ್ ಬಂದೆ. ಒಳಗೆ ಗ್ರೈಂಡರ್ ಸದ್ದು, ಅದರ ಜೊತೆ ಎಸ್ತರ್ ದನಿ. ಸದ್ದಿನಲ್ಲಿ ಯಾರಿಗೂ ಕೇಳಿಸಲ್ಲ ಅಂತ ಜೋರಾಗೇ ಪ್ರಾರ್ಥನೆ ಮಾಡುತ್ತಿದ್ದಳು. ನಡುವೆ "ಅಕ್ಕ" ಅಂದದ್ದು ಕಿವಿಗೆ ಬಿತ್ತು. ಓಹೋ, ನನ್ನ ಮೇಲಿನ ಚಾಡಿ ದೇವರ ತನಕ ಹೋಯ್ತಾ! ಮೈಯೆಲ್ಲ ಉರಿದುಹೋಯಿತು. ಏನಂತಾಳೋ ಕೇಳೇಬಿಡೋಣ ಅಂತ ಹೊರಗೋಡೆ ಮೇಲಿದ್ದ ಮೇನ್ ಸ್ವಿಚ್ ಇಳಿಸಿಬಿಟ್ಟೆ.

ಗ್ರೈಂಡರ್ ನಿಂತಿತು. ಅವಳ ದನಿ ನಿಲ್ಲಲಿಲ್ಲ.

"ಅಕ್ಕನ್ನೇ ಕರ್ಕೊಂಡ್ ಓಗು ಯೇಸಪ್ಪಾ. ಉಳ್ಕೊಳ್ಳೋದು ಅಂದ್ರೆ ಅಕ್ಕಂಗೆ ಭಯ, ನನ್ ಜೊತೆ ನಿಂತು ರುಬ್ಬೋದೂ ಬಿಟ್ಬಿಟ್ಟವ್ರೆ. ಅತ್ತೆ ಬರಲ್ಲ ಅಂತಾರೆ. ಅವ್ರ ಮಗ್ಗುಲು ತಿರುಗ್ಸೋಕೆ ಒಬ್ರು ಬೇಕಲ್ಲಪ್ಪಾ. ನಾನ್ ಉಳ್ಕೋತೀನಿ."

ನಮ್ಮೂರಲ್ಲಿ ಭೂಮಿ ಬಾಯಿಬಿಟ್ಟ ಹಳೇ ಗಣಿಗಳಿಗೆ ಬರವಿಲ್ಲ. ಯಾವುದಾದರೂ ಒಂದರಲ್ಲಿ ಇಳಿದುಬಿಡೋಣ ಅನ್ನಿಸಿತು.

ಸ್ವಿಚ್ ಮೇಲಕ್ಕೆ ಹಾಕಿ ಒಳಗೆ ಹೋದೆ. ಎಸ್ತರ್ ಸೆರಗಲ್ಲಿ ಕಣ್ಣು ಒರೆಸಿಕೊಂಡು "ಕರೆಂಟ್ ಓಗಿತ್ತಕ್ಕ" ಅಂದಳು. "ಊಂ, ಬಂತಲ್ಲ" ಅಂದೆ. ಅವಳ ಮುಖ ನೋಡೋಕಾಗದೆ ಸೀದಾ ಅತ್ತೆ ಹತ್ತಿರ ಹೋಗಿ, ಯಾರೂ ಕರೆಯದೆ, ಮೊದಲ ಸಲ ಅವರ ಮಗ್ಗುಲು ಬದಲಿಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡೇ "ಮೆಲ್ಲಗಮ್ಮಾ ಎಸ್ತರೂ" ಅಂದರು.

"ನಾನು ಅತ್ತೆ, ಶಾಂತ."

ಕಣ್ಣು ಬಿಟ್ಟು ನೋಡಿದರು. "ನೀನಾ? ಯಾಕೆ, ಮೈ ಸರಿಯಿಲ್ವೇನೇ?"

ನಾನು ಅಲ್ಲೇ ಮಂಚದ ಪಕ್ಕ ಕೂತು ಅತ್ತುಬಿಟ್ಟೆ.

ಮರುದಿನದಿಂದ ಮತ್ತೆ ಇಬ್ಬರೂ ಒಟ್ಟಿಗೇ ರುಬ್ಬುತ್ತಿದ್ದೇವೆ. ಸ್ವಿಚ್ಚಿನ ವಿಷಯ ಇವತ್ತಿಗೂ ಅವಳಿಗೆ ಹೇಳಿಲ್ಲ. ಹೊಟ್ಟೆಕಿಚ್ಚು ಹೋಯ್ತಾ ಅಂತ ಮಾತ್ರ ಕೇಳಬೇಡಿ, ಹೋಗಿಲ್ಲ. ಮೊದಲು ಅವಳ ದನಿಗೆ, ಕಣ್ಣೀರಿಗೆ ಉರೀತಿದ್ದೆ, ಈಗ ಅವಳ ಮನಸ್ಸಿಗೆ ಉರೀತೀನಿ. ನಾನು ಉಪವಾಸ ಬಿದ್ದು ಹಿಡಿಯೋಕೆ ಹೋದ ಜಾಗವನ್ನ ಅವಳು ರೈಲಲ್ಲಿ ಸೀಟು ಬಿಟ್ಟುಕೊಟ್ಟ ಹಾಗೆ ಎದ್ದು ಕೊಟ್ಟುಬಿಟ್ಟಳಲ್ಲ! ಅದಕ್ಕೇ ಈಗ ದಿನಾ ನಾನೂ ಪ್ರಾರ್ಥನೆ ಮಾಡ್ತೀನಿ, ನಿದ್ದೆ ಬರಲ್ಲ. "ಯೇಸಪ್ಪಾ, ನನ್ನೊಬ್ಬಳನ್ನೇ ಕರ್ಕೊಂಡು ಹೋಗಬೇಡ. ಅವಳು ಉಳಿದರೆ ನಾನೂ ಉಳೀತೀನಿ" ಅಂತ ಕೇಳಿಕೊಳ್ತೀನಿ. ಜಾಗ ಬಿಟ್ಟುಕೊಟ್ಟವಳು ಅನ್ನೋ ಒಳ್ಳೆ ಹೆಸರನ್ನೂ ಅವಳೊಬ್ಬಳಿಗೇ ಬಿಟ್ಟುಕೊಡೋಕೆ ನಾನು ತಯಾರಿಲ್ಲ.