ಬಾಯಿಯವರ ಹಿಂದಿ

ಹೋದ ತಿಂಗಳು ಪುಣೆಯ ಕ್ಯಾಂಪ್ ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಮರದ ಪೆಟ್ಟಿಗೆಯ ಟೀವಿಯೊಂದು ಕಂಡಿತು. ಎರಡೂ ಕಡೆಯಿಂದ ಸರಿದು ನಡುವೆ ಕೂಡುವ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಅಂಗಡಿಯವನು ಒಳಗೆ ಹಳೆ ಚಪ್ಪಲಿ ತುಂಬಿಟ್ಟಿದ್ದ. ಬಾಗಿಲು ಸರಿಸಿದರೆ ನುಸಿಗುಳಿಗೆಯ ವಾಸನೆ... ನಾನು ಅಲ್ಲೇ ನಿಂತುಬಿಟ್ಟೆ.

ಹತ್ತಾರು ಬಾಡಿಗೆ ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಅಂಥ ಟೀವಿ ಇದ್ದದ್ದು ಬಾಯಿಯವರ ಮನೆಯಲ್ಲಿ ಮಾತ್ರ. ಜಿರಲೆ ಹೊಗಬಾರದೆಂದು ಒಳಗೆ ನುಸಿಗುಳಿಗೆ ಇಡುತ್ತಿದ್ದರು. ಧಾರವಾಡದ ಕಡೆಯವರು, ಒಬ್ಬರೇ ಇದ್ದರು, ಶಾಲೆಯೊಂದರಲ್ಲಿ ಹಿಂದಿ ಕಲಿಸುತ್ತಿದ್ದರು. ಪುಣೆಯಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ. ಕನ್ನಡದಲ್ಲಿ ಬಾಯಿ ಅಂದರೇನೆಂದು ನಾನು ಹೇಳಬೇಕಿಲ್ಲ. ಅವರಿಗೆ ಎರಡೂ ಅರ್ಥ ಒಪ್ಪುತ್ತಿತ್ತು.

ಎಂಬತ್ತರ ದಶಕದ ನಡುವಿನ ಮಾತು. ವಾರಕ್ಕೊಂದು ಸಂಜೆ ಹಿಂದಿ ಧಾರಾವಾಹಿ ಬರುತ್ತಿತ್ತು, ಗಂಡ ಮನೆಯಿಂದ ಹೊರಗೆ ಹಾಕಿದ ಸೊಸೆಯೊಬ್ಬಳ ಕಥೆ. ನಮ್ಮಜ್ಜಿಗೆ ಹಿಂದಿ ಬಾರದು. ಪಕ್ಕದ ಕಟ್ಟಡದ ಕೆಲಸಕ್ಕೆ ಕಲಬುರ್ಗಿ ಕಡೆಯಿಂದ ಬಂದು ಹೊಸ್ತಿಲಲ್ಲಿ ಕೂರುತ್ತಿದ್ದ ಹೆಂಗಸರಿಗೂ ಬಾರದು. ಬಾಯಿ ಟೀವಿಯ ಪಕ್ಕ ಕುರ್ಚಿ ಹಾಕಿಕೊಂಡು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ತಿರುಗಿಸುವುದೇನು, ತಿರುಗಿಸಿಯೇ ಬಿಡುತ್ತಿದ್ದರು! ವಾರವಿಡೀ ನಳದ ಹತ್ತಿರ ಹೆಂಗಸರ ವಾದ: ಆ ಸೊಸೆ ಅತ್ತೆಗೆ ಒಂದು ಮಾತೂ ಯಾಕೆ ಅನ್ನುವುದಿಲ್ಲ? ಮುಂದಿನ ವಾರ ಬಾಯಿಯ ಕನ್ನಡದಲ್ಲಿ ಅವಳು ಅನ್ನುತ್ತಿದ್ದಳು. ತೆರೆಯ ಮೇಲೆ ಅತ್ತೆ ಕೆನ್ನೆ ಹಿಡಿದು ಕೂತರೆ, ನಮ್ಮಜ್ಜಿಯ ಇಚ್ಛೆಯಂತೆ ಅದು ಹಲ್ಲುನೋವು. ನನಗೆ ಶಾಲೆಯಲ್ಲಿ ಹಿಂದಿ ಇತ್ತು, ಎಲ್ಲ ಗೊತ್ತಾಗುತ್ತಿತ್ತು. ಆದರೂ ಬಾಯಿಯ ಕಥೆಯೇ ನನಗೆ ಬೇಕಾಗಿತ್ತು.

ಆ ವರ್ಷ ನಮ್ಮಕ್ಕ ಸೋಲಾಪುರದ ಗಂಡನ ಮನೆ ಬಿಟ್ಟು ಬಂದಿದ್ದಳು. ಭಾವ ಹೊಡೆಯುತ್ತಿದ್ದ. ಅವನಿಗೆ ಬಹುವಚನ ಕೊಡಲು ನನಗೆ ಇಂದಿಗೂ ಮನಸ್ಸಿಲ್ಲ. ಅಪ್ಪ ಕಾಗದ ಬರೆದು ಅವನನ್ನು ಕರೆಸಿದರು. ಅವನು ಬಂದ ಮರುದಿನ ಬೆಳಗಿನ ಬಸ್ಸಿಗೆ ಅಕ್ಕನನ್ನು ಕಳಿಸುವುದೆಂದು ಮಾತಾಯಿತು. ಅಕ್ಕನನ್ನು ಯಾರೂ ಕೇಳಲಿಲ್ಲ.

ಅವನು ಬಂದ ಸಂಜೆಯೇ ಧಾರಾವಾಹಿಯ ಕೊನೆಯ ಕಂತು. ಅವನೂ ನಮ್ಮ ಜೊತೆ ನೋಡಲು ಬಂದ. ತೆರೆಯ ಮೇಲೂ ಗಂಡ ಕರೆಯಲು ಬಂದಿದ್ದ. ಸೊಸೆ ತಲೆ ತಗ್ಗಿಸಿ "ಚಲಿಯೇ" ಅಂದಳು.

ಬಾಯಿ ಅಕ್ಕನ ಮುಖ ನೋಡಿದರು. "ನಾ ಬರಂಗಿಲ್ಲ ಅಂತಾಳ," ಅಂದರು.

"ಹಂಗ ಅನ್ನಲಿಲ್ಲರಿ," ಭಾವ ನಕ್ಕ. "ನಡೀರಿ ಅಂದ್ಳು. ನನಗೂ ಹಿಂದಿ ಬರ್ತದ."

"ಇಪ್ಪತ್ತು ವರ್ಷ ಹಿಂದಿ ಕಲಿಸೀನ್ರಿ ನಾ. ಆಕಿ ಬರಂಗಿಲ್ಲ ಅಂದಾಳ."

ಅಷ್ಟರಲ್ಲಿ ಸೊಸೆ ಸೂಟ್‌ಕೇಸ್ ಹಿಡಿದು ಗಂಡನ ಹಿಂದೆ ಹೊರಟೇಬಿಟ್ಟಿದ್ದಳು! ಬಾಯಿ ಎದ್ದು ಟೀವಿಯ ಎರಡೂ ಬಾಗಿಲು ಎಳೆದು ಬೀಗ ಹಾಕಿದರು. ಒಳಗಿನಿಂದ ಸಂಗೀತ ಇನ್ನೂ ಕೇಳುತ್ತಿತ್ತು. ಯಾರೂ ಏಳಲಿಲ್ಲ.

"ಬಾಯಿ ಹೇಳಿದ್ದ ಖರೆ," ಅಂದಳು ಅಕ್ಕ, ಗಂಡನನ್ನು ನೇರ ನೋಡುತ್ತ. "ನಾ ಬರಂಗಿಲ್ಲ."

ಭಾವ ಸಿಟ್ಟಿನಿಂದ ಎದ್ದ. ಹೊಸ್ತಿಲಲ್ಲಿದ್ದ ಹೆಂಗಸರು ನಿಧಾನಕ್ಕೆ, ಬೇಕೆಂದೇ ನಿಧಾನಕ್ಕೆ ದಾರಿ ಬಿಟ್ಟರು. ಮನೆಯಲ್ಲಿ ಅಪ್ಪ ಕೂಗಾಡಿದರು, ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಮರುದಿನ ಭಾವ ಒಬ್ಬನೇ ಬಸ್ಸು ಹತ್ತಿದ. ಅಪ್ಪ ವರ್ಷಗಟ್ಟಲೆ ಬಾಯಿಯವರ ಜೊತೆ ಮಾತು ಬಿಟ್ಟರು. ಬಾಯಿ ಮಾತ್ರ ಎದುರು ಸಿಕ್ಕಾಗೆಲ್ಲ "ಆರಾಮ ಇದ್ದೀರಿ?" ಅನ್ನುವುದನ್ನು ಬಿಡಲಿಲ್ಲ.

ವಾಡೆ ಕೆಡವಿದಾಗ ಅವರು ಊರಿಗೆ ಹೋದರು. ಸ್ವಾರಗೇಟಿನಲ್ಲಿ ಬಸ್ಸು ಹತ್ತುವಾಗ "ಬರ್ತೀನಿ" ಅಂದರು... ಬರಲಿಲ್ಲ. ತೀರಿಕೊಂಡ ಸುದ್ದಿ ನಮಗೆ ತಲುಪಿದ್ದು ಆರು ತಿಂಗಳ ಮೇಲೆ. ನಿಮ್ಮಿಂದ ನಮ್ಮಕ್ಕ ಉಳಿದಳು ಎಂದು ಒಂದು ಸಲವಾದರೂ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ, ಅದು ಈಗಲೂ ಚುಚ್ಚುತ್ತದೆ.

ಅಂಗಡಿಯಿಂದ ಬಂದು ಅಕ್ಕನಿಗೆ ಟೀವಿಯ ಸುದ್ದಿ ಹೇಳಿದೆ. ಕೇಳಿಸಿಕೊಂಡ ನನ್ನ ಮಗಳು ಮೊಬೈಲಿನಲ್ಲಿ ಅದೇ ಧಾರಾವಾಹಿಯ ಕೊನೆಯ ಕಂತನ್ನು ಹುಡುಕಿ ತೆಗೆದಳು. ಸೊಸೆ ತಲೆ ತಗ್ಗಿಸಿದಳು, "ಚಲಿಯೇ" ಅಂದಳು, ಹೊರಟಳು.

"ನೋಡು ದೊಡ್ಡವ್ವ, ಹೋದ್ಳಲ್ಲ," ಅಂದಳು ಮಗಳು.

ಅಕ್ಕ ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದಳು. ಆಮೇಲೆ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ಈ ಸೊಸಿಗೆ ಹಿಂದಿ ಬರಂಗಿಲ್ಲ," ಅಂದಳು.