ಢೋಲಿಗೆ ಎಷ್ಟು ಹತ್ತಿರ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿಬವೇವಾಡಿಯಲ್ಲಿ ನನ್ನ ಪಾತ್ರೆ ಅಂಗಡಿ ಒಂದು ಹದಕ್ಕೆ ಬಂದಿತ್ತು; ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು. ಗಣಪತಿಯನ್ನು ಮನೆಗೆ ತರುವಾಗ ಜೊತೆಗೆ ಬರಬೇಕೆಂಬುದು ಅವಳ ದೊಡ್ಡ ಆಸೆ. ಆದರೆ ಹಿಂದಿನ ವರ್ಷ ತಿರುವಿನಲ್ಲಿ ಢೋಲು ಕೇಳಿದ್ದೇ ತಡ, ಕಿವಿ ಮುಚ್ಚಿಕೊಂಡು ಅಳುತ್ತ ಅರ್ಧ ದಾರಿಯಿಂದ ಓಡಿಹೋಗಿದ್ದಳು.

“ಈ ಸಲ ಕಿವ್ಯಾಗ ಹತ್ತಿ ಇಟ್ಟು ಕರಕೊಂಡು ಹೋಗ್ರಿ,” ಎಂದಳು ಹೆಂಡತಿ.

ನನಗೆ ಒಪ್ಪಿಗೆಯಾಗಲಿಲ್ಲ. ಪಾತ್ರೆಯನ್ನು ಬೆರಳಿನಿಂದ ಬಡಿದು ನಾದ ಕೇಳಿಯೇ ಮಾಲು ಕೊಳ್ಳುವ ವ್ಯಾಪಾರಿ ನಾನು. ಕಿವಿಯನ್ನು ಮುಚ್ಚುವುದಲ್ಲ, ಪಳಗಿಸಬೇಕು ಅನ್ನಿಸಿತು. ಶ್ರಾವಣದ ಸಂಜೆಗಳಲ್ಲಿ ಮಗಳನ್ನೂ ಅವಳ ಅಣ್ಣನನ್ನೂ ಕರೆದುಕೊಂಡು ಸುಮ್ಮನೆ ಕೇಳುತ್ತ ನಡೆಯತೊಡಗಿದೆ. ಓಣಿ ಮುಗಿಯುವ ತನಕ ಯಾರೂ ಮಾತಾಡುವಂತಿಲ್ಲ; ಆಮೇಲೆ ಕೇಳಿದ ಸದ್ದುಗಳನ್ನು ಹೇಳಬೇಕು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ.

“ಕಾಯಿಪಲ್ಲೆ ಮಾರಾಂವ ಒದರಿದ,” ಎಂದ ಮಗ.

“ಅವನ ಗಾಡಿ ಗಾಲಿ,” ಎಂದಳು ಮಗಳು. “ಒಂದ ಗಾಲಿ ಕಿರ್ ಅಂತದ, ಉಳಿದಾವು ಅನ್ನೂದಿಲ್ಲ.”

ನೀವೂ ಮಕ್ಕಳೊಂದಿಗೆ ಹೀಗೆ ಹೊರಟರೆ ನನ್ನದೊಂದು ಸಲಹೆ: ಅದನ್ನು ಕೇಳು, ಇದನ್ನು ಕೇಳು ಎಂದು ಬೆರಳು ತೋರಿಸಬೇಡಿ. ಮಾಲು ಹರಡಿ ಸುಮ್ಮನಿರಿ, ಗಿರಾಕಿ ತಾನೇ ಆರಿಸಿಕೊಳ್ಳುತ್ತಾನೆ.

ಮೈದಾನದಲ್ಲಿ ಹಬ್ಬದ ಢೋಲಿನ ತಾಲೀಮು ಶುರುವಾಯಿತು. “ಮೈದಾನದ ಬದೀಗಿನ ಆ ಬೇವಿನ ಗಿಡದ ತನಕ ಹೋಗೂಣು,” ಎಂದೆ.

“ಇಲ್ಲ. ಹಿಟ್ಟಿನ ಗಿರಣಿ ತನಕ ಅಷ್ಟ,” ಎಂದಳು ಮಗಳು. ಗಿರಣಿ ಇದ್ದದ್ದು ಢೋಲಿನಿಂದ ಬಹಳ ಈಚೆಗೆ.

“ಹೋಗ್ಲಿ, ನಡುವ ಚಹಾದ ಗಾಡಿ ಅದಲಾ, ಅಲ್ಲೀ ತನಕ?”

“ಗಿರಣಿ. ಬೇಕಾದ್ರ ಬರ್ರಿ, ಇಲ್ಲಾಂದ್ರ ಬಿಡ್ರಿ.”

ಅಂಗಡಿಯಲ್ಲಿ ಕೂತು ಅವಳು ಕಲಿತ ನನ್ನದೇ ಮಾತು. ಗಿರಣಿಗೇ ಒಪ್ಪಿದೆ. ಚೌಕಾಸಿಯಲ್ಲಿ ಎದುರಿನವರಿಗೆ ಗೆದ್ದ ಸಮಾಧಾನ ಕೊಟ್ಟು ನೋಡಿ, ಮತ್ತೆ ಅವರೇ ಬರುತ್ತಾರೆ. ಕೆಲವು ದಿನಗಳಲ್ಲಿ ಚಹಾದ ಗಾಡಿಯ ತನಕ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಅದಕ್ಕಿಂತ ಮುಂದೆ ಮಾತ್ರ ಹೆಜ್ಜೆ ಇಡಲಿಲ್ಲ. ಅಷ್ಟರಲ್ಲಿ ಹಬ್ಬ ಬಂತು.

ಚವತಿಯ ಬೆಳಿಗ್ಗೆ, ಮುಖಕ್ಕೆ ವಸ್ತ್ರ ಮುಚ್ಚಿದ ಗಣಪನನ್ನು ಮಣೆಯ ಮೇಲೆ ಹಿಡಿದು ತರುತ್ತಿದ್ದೆ. ಪಕ್ಕದಲ್ಲಿ ಮಗಳು. ತಿರುವಿನಲ್ಲಿ ಸಾರ್ವಜನಿಕ ಗಣಪನ ಮೆರವಣಿಗೆಯ ಢೋಲುಗಳು ಎದುರಾದವು. ಅವಳ ಕೈಗಳು ಕಿವಿಯ ತನಕ ಹೋಗಿ ಅಲ್ಲೇ ನಿಂತವು.

“ಅಪ್ಪಾ, ಒಳಗ ತಾಳ ಅದಾವ,” ಎಂದಳು. “ಸಣ್ಣಾಗಿ. ಢೋಲಿನ ಹಿಂದ ಹಿಂದ ಬರ್ತಾವ.”

“ಹೌದು. ನಡಿ, ಅವ್ವ ಆರತಿ ಹಿಡಕೊಂಡು ನಿಂತಾಳ.”

“ತಡೀರಿ. ಇನ್ನೂ ಏನೋ ಅದ.”

ಕೈಗಳು ಕೆಳಗಿಳಿದವು. ಮೆರವಣಿಗೆ ಎಡಕ್ಕೆ ತಿರುಗಿತು, ಅದರ ಹಿಂದೆ ಅವಳೂ ಹೊರಟಳು. ನಮ್ಮ ಮನೆ ಇದ್ದದ್ದು ಬಲಕ್ಕೆ. ಗಣಪನನ್ನು ಹಿಡಿದುಕೊಂಡು ನಾನು ಎಡಕ್ಕೆ ನಡೆದೆ.